ಕಾರ್ಯಾಗಾರಕ್ಕೆ ನಲವತ್ತು ಜನ, ಮೂರು ತಿಂಗಳಾದ್ಮೇಲೆ ಒಬ್ರೂ ಇಲ್ಲ: ಓಪನ್ ಸೋರ್ಸ್‌ನಲ್ಲಿ ಹೆಣ್ಮಕ್ಕಳು ಉಳಿಯೋ ಹಾಗೆ ಏನ್ ಮಾಡೋಣ? (ಮೈಸೂರು, ಮಂಡ್ಯ)

ಕುಕ್ಕರಹಳ್ಳಿ_ಗಾಳಿ
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಕಾಲೇಜುಗಳಲ್ಲಿ ಮಾರ್ಚ್ 8 ಹತ್ತಿರ ಬಂತು ಅಂದ್ರೆ ‘ಮಹಿಳೆಯರಿಗಾಗಿ ಓಪನ್ ಸೋರ್ಸ್’ (ಯಾರು ಬೇಕಾದ್ರೂ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರ್, ಬರಹ) ಅಂತ ಒಂದು ದಿನದ ಕಾರ್ಯಾಗಾರ ಇದ್ದೇ ಇರುತ್ತೆ. ಬ್ಯಾನರ್, ದೀಪ ಬೆಳಗೋದು, ಒಂದು ಉದ್ದನೆ ಭಾಷಣ. ಊಟ ಆದ್ಮೇಲೆ ಎಲ್ಲರೂ ವಿಕಿಪೀಡಿಯಾದಲ್ಲೋ, ಕೋಡ್ ಇಟ್ಟು ಹಂಚಿಕೊಳ್ಳೋ ಗಿಟ್‌ಹಬ್ ತಾಣದಲ್ಲೋ ಖಾತೆ ತೆರೆಯೋದು, ಗ್ರೂಪ್ ಫೋಟೊ, ಸರ್ಟಿಫಿಕೇಟು. ಜೂನ್ ಹೊತ್ತಿಗೆ ಆ ಖಾತೆಗಳ ಕೊಡುಗೆ ಪಟ್ಟಿ ತೆಗೆದು ನೋಡಿ, ಕಾರ್ಯಾಗಾರದ ದಿನದ್ದು ಬಿಟ್ಟರೆ ಖಾಲಿ.

ಈ ಸಲ ಬೇರೆ ಥರ ಮಾಡೋ ಯೋಚನೆ. ಆರು ತಿಂಗಳು, ಇಪ್ಪತ್ತು ಜನ. ಅರ್ಧ ಜನ ಇಂಜಿನಿಯರಿಂಗ್, ಬಿಸಿಎ, ಕನ್ನಡ ಎಂಎ ಓದ್ತಿರೋರು. ಇನ್ನರ್ಧ ಮದುವೆ, ಮಕ್ಕಳು ಅಂತ ಕೆಲಸ ಬಿಟ್ಟು ಮನೇಲಿರೋರು. ಕೈಲಿರೋ ದುಡ್ಡು 15,000 ರೂಪಾಯಿ. ಸ್ಫೂರ್ತಿ ತುಂಬೋ ಮಾತು ಬೇಡ. ಯಾವ ಕೆಲಸ ಕೊಡಬೇಕು, ಯಾವ ದಿನ ಸೇರಬೇಕು, ಎಲ್ಲೆಲ್ಲಿ ಕೈಕೊಡುತ್ತೆ, ಅಷ್ಟು ಹೇಳಿ.

ರಿವ್ಯೂ_ರಾಯರು
ಕಾರ್ಯಾಗಾರದ ದಿನದ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬಿಡಿ. ಮೊದಲನೇ ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಕಳಿಸಿದ ಮೇಲೆ ಉತ್ತರ ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ, ಅದನ್ನ ಮೊದಲು ಗೊತ್ತುಮಾಡ್ಕೊಳ್ಳಿ. ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಝಿಲ್ಲಾದವರು ತಮ್ಮದೇ ದಾಖಲೆ ಜಾಲಾಡಿ ನೋಡಿದಾಗ ಸಿಕ್ಕಿದ್ದು ಇದು: ಮೊದಲ ಪ್ಯಾಚ್‌ಗೆ 48 ಗಂಟೆ ಒಳಗೆ ರಿವ್ಯೂ ಸಿಕ್ಕವರು ಮತ್ತೆ ಬರೋದು ತುಂಬಾ ಜಾಸ್ತಿ. 7 ದಿನ ದಾಟಿದ್ರೆ ವಾಪಸ್ ಬರೋರು ಇಲ್ಲವೇ ಇಲ್ಲ ಅನ್ನಬಹುದು. ಇದು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತೆ. ಆದ್ರೆ ಗುರುತಿನವರು ಒಳಗಿದ್ದವನು ಮೆಸೇಜ್ ಹಾಕಿ ‘ಗುರು, ಸ್ವಲ್ಪ ನೋಡು’ ಅಂತಾನೆ. ಗುರುತಿನವರೇ ಇಲ್ಲದವಳು ಕಾಯ್ತಾ ಕೂರ್ತಾಳೆ.

ಆದ್ದರಿಂದ ಪ್ರಾಜೆಕ್ಟ್ ಆರಿಸೋ ಮುಂಚೆ ಅದರ ಮುಚ್ಚಿದ ಪುಲ್ ರಿಕ್ವೆಸ್ಟ್‌ಗಳ (‘ನನ್ನ ತಿದ್ದುಪಡಿ ಸೇರಿಸಿಕೊಳ್ಳಿ’ ಅಂತ ಕಳಿಸೋ ಕೋರಿಕೆ) ಪುಟ ತೆಗೆಯಿರಿ. ಹೊಸಬರು ಕಳಿಸಿದ ಕೊನೇ ಇಪ್ಪತ್ತನ್ನ ಮಾತ್ರ ನೋಡಿ. ಮೊದಲ ಮನುಷ್ಯನ ಉತ್ತರ (ಬಾಟ್‌ದಲ್ಲ!) ಎಷ್ಟು ದಿನಕ್ಕೆ ಬಂದಿದೆ ಅಂತ ಎಣಿಸಿ. ವಾರ ದಾಟಿದ್ರೆ ಪ್ರಾಜೆಕ್ಟ್ ಎಷ್ಟೇ ದೊಡ್ಡ ಹೆಸರಿಂದಾಗಿರಲಿ, ಬಿಟ್ಟುಬಿಡಿ. ಇಪ್ಪತ್ತು ಜನರನ್ನ ಇಪ್ಪತ್ತು ಕಡೆ ಚೆದುರಿಸಬೇಡಿ. ಎರಡೋ ಮೂರೋ ಪ್ರಾಜೆಕ್ಟ್ ಸಾಕು, ಒಂದೊಂದರಲ್ಲೂ ‘ನಾನು ನೋಡ್ತೀನಿ’ ಅಂತ ಒಪ್ಪಿದ ಒಬ್ಬ ನಿರ್ವಾಹಕರು ಇರಬೇಕು.

ಟರ್ಮಿನಲ್_ತಿಮ್ಮ
ಒಂದು ಮಾತು. ಓಪನ್ ಸೋರ್ಸ್‌ನಲ್ಲಿ ಗಂಡು ಹೆಣ್ಣು ಅಂತ ಯಾರ್ರೀ ನೋಡ್ತಾರೆ? ಕೋಡ್ ಚೆನ್ನಾಗಿದ್ರೆ ಒಳಗೆ ಹೋಗುತ್ತೆ, ಇಲ್ಲಾಂದ್ರೆ ಇಲ್ಲ. ಬಾಗಿಲು ಯಾವತ್ತೂ ತೆಗೆದೇ ಇದೆ. ಪ್ರತ್ಯೇಕ ಗುಂಪು ಯಾಕೆ?

ಬೋಗಾದಿ_ಬೈಟ್
ನೋಡ್ತಾರೆ ತಿಮ್ಮಣ್ಣ, ಅಳತೆ ಮಾಡಿ ಬರೆದಿದ್ದಾರೆ. ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳ ಬಗ್ಗೆ 2017ರಲ್ಲಿ ಪೀರ್‌ಜೆ ಕಂಪ್ಯೂಟರ್ ಸೈನ್ಸ್ ಅನ್ನೋ ಸಂಶೋಧನಾ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಒಟ್ಟಾರೆ ಹೆಂಗಸರದ್ದು ಶೇ. 78.6 ಸ್ವೀಕಾರ, ಗಂಡಸರದ್ದು ಶೇ. 74.6. ಅಂದ್ರೆ ಕೋಡ್ ಚೆನ್ನಾಗೇ ಇದೆ. ಆದ್ರೆ ಪ್ರಾಜೆಕ್ಟ್‌ಗೆ ಹೊಸಬರಾಗಿದ್ದು, ಪ್ರೊಫೈಲ್ ನೋಡಿದ್ರೆ ಹೆಣ್ಣು ಅಂತ ಗೊತ್ತಾಗೋ ಹಾಗಿದ್ರೆ ಅವರ ಸ್ವೀಕಾರ ಗಂಡಸರಿಗಿಂತ ಕೆಳಗೆ ಇಳಿಯುತ್ತೆ.

ಅದೇ ವರ್ಷ ಗಿಟ್‌ಹಬ್ ಮಾಡಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರಲ್ಲಿ ಶೇ. 95 ಗಂಡಸರು, ಶೇ. 3 ಹೆಂಗಸರು. ಬಾಗಿಲು ತೆಗೆದಿದ್ದೂ ಇಷ್ಟೇ ಜನ ಬಂದಿದ್ದಾರೆ ಅಂದ್ರೆ ಬಾಗಿಲ ಒಳಗೆ ಏನಿದೆ ಅಂತ ನೋಡಬೇಕಲ್ವಾ.

ಟರ್ಮಿನಲ್_ತಿಮ್ಮ
ಅಂಕಿ ಅಂಶ ಸರಿ ಇರಬಹುದು. ಆದ್ರೂ ಪ್ರತ್ಯೇಕ ಕೂರಿಸಿದ್ರೆ ಕೊನೆಗೆ ಪ್ರತ್ಯೇಕವಾಗೇ ಉಳೀತಾರೆ ಅನ್ನೋದು ನನ್ನ ವಾದ.

ರಿವ್ಯೂ_ರಾಯರು
ಕಲಿಯೋದು ಪ್ರತ್ಯೇಕ, ಕೆಲಸ ಎಲ್ಲರ ಜೊತೆ. ಪ್ಯಾಚ್ ಹೋಗೋದು ಎಲ್ಲರೂ ಬಳಸೋ ರೆಪೊಸಿಟರಿಗೇ (ಪ್ರಾಜೆಕ್ಟ್‌ನ ಕೋಡ್ ಇಟ್ಟಿರೋ ಜಾಗ) ತಾನೆ? ‘ಮಹಿಳಾ ರೆಪೊಸಿಟರಿ’ ಅಂತ ಯಾರೂ ಮಾಡ್ತಿಲ್ಲ.

ಸಕ್ಕರೆನಾಡು_ಸೀತಕ್ಕ
ಕೋಡು ಗೀಡು ಆಮೇಲೆ. ಭಾನ್ವಾರ ಮಡಗ್‌ಬ್ಯಾಡಿ ಕನಪ್ಪ. ಭಾನ್ವಾರ ಗಂಡ ಮಕ್ಳು ಎಲ್ಲಾ ಮನೇಲಿರ್ತಾರೆ, ನೆಂಟ್ರು ಬತ್ತಾರೆ, ಬಾಡೂಟ ಆಗ್ಬೇಕು. ಮನೇಲಿರೋ ಹೆಂಗಸ್ರಿಗೆ ಬಿಡುವು ಅನ್ನೋದಿದ್ರೆ ವಾರದ ಮಧ್ಯ, ಮಕ್ಳು ಸ್ಕೂಲಿಗೆ ಹೋದ್ಮೇಲೆ, ಹನ್ನೊಂದರಿಂದ ಎರಡೂವರೆ ತಂಕ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟ್ರು, ಬಸ್ಸಲ್ಲಿ ಒಂದು ಗಂಟೆ ಮೇಲೇ ಆಯ್ತದೆ. ಎರಡೂವರೆಗೆ ಬುಟ್ರೆ ಮಕ್ಳು ಬರೋ ಹೊತ್ಗೆ ಮನೆ ಸೇರ್ಬೋದು. ಕಾಲೇಜ್ ಹುಡ್ಗೀರ್ಗೆ ಶನಿವಾರ ಮಧ್ಯಾಹ್ನ. ಎರಡೂ ಒಂದೇ ದಿನ ಅಂತ ಕೂತ್ರೆ ಎರಡೂ ಕಡೆಯೋರು ಬರಾಕಿಲ್ಲ.

ನಾಲೆನೀರು
ಬಸ್ ಖರ್ಚಿನ ಲೆಕ್ಕ ಹಾಕೋರು ಗಮನಿಸಿ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕೆಎಸ್‌ಆರ್‌ಟಿಸಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್‌ಗೆ ದುಡ್ಡಿಲ್ಲ, ರಾಜಹಂಸ, ಐರಾವತಕ್ಕೆ ಇದೆ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಹಾಸ್ಟೆಲ್‌ನಲ್ಲಿರೋ ಕೇರಳದ ಹುಡುಗೀರ್ಗೆ ಟಿಕೆಟ್ ಆಗುತ್ತೆ. ಜಾಗ ಸಬರ್ಬನ್ ಬಸ್ ನಿಲ್ದಾಣದಿಂದ ನಡೆದು ಹೋಗೋ ಅಷ್ಟು ಹತ್ತಿರ ಇಡಿ. ನಿಲ್ದಾಣದಿಂದ ಆಚೆ ಮತ್ತೊಂದು ಆಟೊ ಅಂದ್ರೆ ಅರ್ಧ ಜನ ಕಮ್ಮಿ ಆಗ್ತಾರೆ.

ವರಮಹಾಲಕ್ಷ್ಮಿ ಹಬ್ಬದ ವಾರ, ಗೌರಿ ಹಬ್ಬದ ವಾರ ಬೇಡವೇ ಬೇಡ. ದಸರಾದಲ್ಲಿ ಮೈಸೂರಿನ ಒಳಗೆ ಬಸ್ ಯಾವ ಕಡೆ ತಿರುಗಿಸ್ತಾರೋ ಯಾರಿಗೂ ಗೊತ್ತಿರಲ್ಲ, ಆ ಹತ್ತು ದಿನ ಆನ್‌ಲೈನ್.

ಸರಸ್ವತಿಪುರಂ_ಸರ್ವರ್
ಮಂಡ್ಯದೋರು ಬರ್ತಾ ಮದ್ದೂರು ವಡೆ ತನ್ನಿ 😀

ಸಕ್ಕರೆನಾಡು_ಸೀತಕ್ಕ
ಮದ್ದೂರು ಮಂಡ್ಯದಿಂದ ಬೆಂಗಳೂರು ಕಡೀಕೆ ಐತೆ ಸ್ವಾಮಿ. ಮೈಸೂರಿಗೆ ಬರೋರು ಹಿಂದಕ್ಕೋಗಿ ವಡೆ ತಂದು ಮುಂದಕ್ಕೆ ಬರಬೇಕಾ?

ಓಟಿಪಿ_ಓಬವ್ವ
ಖಾತೆ ವಿಷಯ ಯಾರೂ ಎತ್ತಿಲ್ಲ. ಅರ್ಧ ಕೆಲಸ ಕೆಡೋದು ಅಲ್ಲೇ.

ವಿಕಿಪೀಡಿಯಾದಲ್ಲಿ ಒಂದೇ ಐಪಿ ವಿಳಾಸದಿಂದ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಒಂದು ದಿನಕ್ಕೆ 6 ಖಾತೆ ಮಾತ್ರ ತೆರೆಯೋಕೆ ಬಿಡುತ್ತೆ. ಕಾಲೇಜ್ ಲ್ಯಾಬ್‌ನ ಅಷ್ಟೂ ಕಂಪ್ಯೂಟರ್ ಹೊರಗಿನ ಕಣ್ಣಿಗೆ ಒಂದೇ ಐಪಿ. ಏಳನೆಯವಳಿಗೆ ಕೆಂಪು ಅಕ್ಷರದಲ್ಲಿ ದೋಷ ಬರುತ್ತೆ, ‘ನಾನೇನೋ ತಪ್ಪು ಮಾಡಿದೆ’ ಅಂದ್ಕೊಂಡು ಸುಮ್ಮನೆ ಕೂರ್ತಾಳೆ. ವಾರ ಮುಂಚೆಯೇ ಮನೆಯಿಂದ ಖಾತೆ ತೆರೆದು ಬರೋಕೆ ಹೇಳಿ. ಇಲ್ಲಾಂದ್ರೆ ಲ್ಯಾಬ್‌ನ ಐಪಿ, ದಿನಾಂಕ, ಜನ ಎಷ್ಟು ಅಂತ ಬರೆದು ವಿಕಿಮೀಡಿಯಾದವರ ದೂರು-ಕೋರಿಕೆ ತಾಣ ಫ್ಯಾಬ್ರಿಕೇಟರ್‌ನಲ್ಲಿ ಮಿತಿ ಸಡಿಲಿಸೋಕೆ ಅರ್ಜಿ ಹಾಕಿ. ಅದೂ ಹಿಂದಿನ ರಾತ್ರಿ ಹಾಕಿದ್ರೆ ಆಗಲ್ಲ, ವಾರ ಬೇಕು.

ಎರಡನೇದು ಇಮೇಲ್. ವಿಕಿಪೀಡಿಯಾ ಇಮೇಲ್ ಇಲ್ಲದೆಯೂ ಖಾತೆ ಕೊಡುತ್ತೆ. ಪಾಸ್‌ವರ್ಡ್ ಮರೆತ್ರೆ ಮುಗೀತು, ಖಾತೆ ವಾಪಸ್ ತರೋ ದಾರಿ ಇಲ್ಲ. ತುಂಬಾ ಜನ ‘ಬಿಟ್ಟುಹೋದರು’ ಅಂತ ಲೆಕ್ಕಕ್ಕೆ ಬರೋದು ಪಾಸ್‌ವರ್ಡ್ ಮರೆತವರೇ.

ಮೂರನೇದು ಎರಡು ಹಂತದ ದೃಢೀಕರಣ. ಗಿಟ್‌ಹಬ್ 2023ರಿಂದ ಕೋಡ್ ಕೊಡೋರಿಗೆ ಕಡ್ಡಾಯ ಮಾಡ್ತಾ ಬಂದಿದೆ. ನಂಬರ್ ಅಪ್ಪಂದೋ ಗಂಡಂದೋ ಆಗಿದ್ರೆ ಪ್ರತಿ ಸಲ ಲಾಗಿನ್ ಆಗೋಕೂ ಅವರನ್ನ ಕೇಳಬೇಕು. ಎಸ್‌ಎಂಎಸ್ ಕಡೆ ಹೋಗಲೇಬೇಡಿ. ಆರು ಅಂಕಿ ತೋರಿಸೋ ಆಥೆಂಟಿಕೇಟರ್ ಆ್ಯಪ್ ಹಾಕಿಸಿ, ಆಗ ಕೊಡೋ 16 ರಿಕವರಿ ಕೋಡ್‌ಗಳನ್ನ ಅಲ್ಲೇ ಕಾಗದದಲ್ಲಿ ಬರೆಸಿ. ಫೋನ್ ಬದಲಾದ ದಿನ ಆ ಕಾಗದವೇ ಗತಿ.

ಬೋಗಾದಿ_ಬೈಟ್
ಇದಕ್ಕೆ ಸೇರಿಸೋದು: ಮೊದಲ ಕಮಿಟ್‌ಗೆ (ಬದಲಾವಣೆಯನ್ನ ಗಿಟ್‌ನಲ್ಲಿ ದಾಖಲಿಸೋದು) ಮುಂಚೆ ಗಿಟ್‌ಹಬ್ ಸೆಟ್ಟಿಂಗ್ಸ್‌ನ ಇಮೇಲ್ ಪುಟಕ್ಕೆ ಹೋಗಿ ‘ನನ್ನ ಇಮೇಲ್ ಗುಟ್ಟಾಗಿಡು’ ಅನ್ನೋದನ್ನೂ, ಅದರ ಕೆಳಗಿರೋ ‘ಇಮೇಲ್ ಬಯಲಾಗೋ ಪುಶ್ ತಡೆ’ ಅನ್ನೋದನ್ನೂ ಆನ್ ಮಾಡಿ. ಅಲ್ಲಿ ಒಂದು ನೋ-ರಿಪ್ಲೈ ವಿಳಾಸ ತೋರಿಸುತ್ತೆ. ಲ್ಯಾಪ್‌ಟಾಪ್‌ನಲ್ಲಿ ಗಿಟ್ ಕಾನ್ಫಿಗ್‌ಗೂ (ಗಿಟ್ ತಂತ್ರಾಂಶದ ಸೆಟ್ಟಿಂಗ್) ಅದನ್ನೇ ಹಾಕಬೇಕು, ಇದನ್ನ ಎಲ್ಲರೂ ಮರೀತಾರೆ. ಆಮೇಲೆ ಬದಲಾಯಿಸಿದ್ರೆ ಹಳೇ ಕಮಿಟ್‌ಗಳಲ್ಲಿ ನಿಜವಾದ ಇಮೇಲ್ ಹಾಗೇ ಉಳೀತದೆ. ಬೇರೆಯವರ ರೆಪೊಸಿಟರಿಗೆ ಮರ್ಜ್ ಆದ್ಮೇಲೆ, ಅಂದ್ರೆ ಸೇರಿಹೋದ್ಮೇಲೆ, ಅದನ್ನ ಅಳಿಸೋಕೆ ಯಾರೂ ಇತಿಹಾಸ ತಿದ್ದಿ ಕೊಡಲ್ಲ.

ಚಾಮರಾಜಪುರಂ_ಚೆಕ್‌ಸಮ್
ವಿಕಿಪೀಡಿಯಾದ ಚಿತ್ರಭಂಡಾರ ಕಾಮನ್ಸ್‌ಗೆ ಫೋಟೊ ಹಾಕೋರೂ ಹುಷಾರು. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ರೆ ಚಿತ್ರದ ಜೊತೆ ಅಕ್ಷಾಂಶ ರೇಖಾಂಶವೂ ಹೋಗಿ ಕೂರುತ್ತೆ. ಮನೆ ಅಂಗಳದ ರಂಗೋಲಿ ಫೋಟೊ ಹಾಕಿದ್ರೆ ಮನೆ ಎಲ್ಲಿದೆ ಅಂತ ಜಗತ್ತಿಗೆಲ್ಲಾ ಹೇಳಿದ ಹಾಗೆ. ಎಲ್ಲರೂ ಸೇರಿ ಬಿಡಿಸೋ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಅಷ್ಟೇ, ಹೊಸಬರು ಮೊದಲು ಗುರುತು ಹಾಕೋದೇ ತಮ್ಮ ಮನೆ. ಮೊದಲ ಇಪ್ಪತ್ತು ಎಡಿಟ್ ಮನೆಯಿಂದ ದೂರದ ಬೀದೀಲಿ ಮಾಡ್ಸಿ. ಜಿಪಿಎಸ್ ಜಾಡು ಅಪ್‌ಲೋಡ್ ಮಾಡೋದಿದ್ರೆ ‘ಪ್ರೈವೇಟ್’ ಅಂತ ಆರಿಸಿ.

ಸರಸ್ವತಿಪುರಂ_ಸರ್ವರ್
ಇಷ್ಟೆಲ್ಲಾ ಹೆದರಿಸಿದ್ರೆ ಮೊದಲ ದಿನವೇ ಎದ್ದು ಹೋಗ್ತಾರೆ.

ಓಟಿಪಿ_ಓಬವ್ವ
ಹೆದರಿಸೋದಲ್ಲ, ಸೆಟ್ಟಿಂಗ್ಸ್ ಸರಿಮಾಡಿ ಕೊಡೋದು. ಅರ್ಧ ಗಂಟೆ ಕೆಲಸ. ಆಮೇಲೆ ಆ ವಿಷಯ ಎತ್ತೋದೇ ಬೇಕಿಲ್ಲ.

ವಿಕಿಸೋರ್ಸ್_ವನಜ
ಲ್ಯಾಪ್‌ಟಾಪ್ ಇಲ್ಲದೆ ಫೋನ್ ಮಾತ್ರ ಇರೋರಿಗೆ ಮೊದಲ ತಿಂಗಳ ಕೆಲಸ ಅಂದ್ರೆ ನನ್ನ ವೋಟು ಹಳೇ ಪುಸ್ತಕಗಳನ್ನ ಪಠ್ಯವಾಗಿ ಇಡೋ ಕನ್ನಡ ವಿಕಿಸೋರ್ಸ್‌ಗೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನ ಯಾರು ಬೇಕಾದ್ರೂ ಮರುಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು, ಅಂಥ ಪಠ್ಯ ನಮ್ಮೂರಿಂದೇ ಇದೆ.

ಕೆಲಸ ಹೀಗೆ: ಒಂದು ಕಡೆ ಸ್ಕ್ಯಾನ್ ಆದ ಪುಟ, ಇನ್ನೊಂದು ಕಡೆ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸೋ ತಂತ್ರಾಂಶ) ಓದಿದ ಪಠ್ಯ. ತಿದ್ದಬೇಕು. ಇನ್ನೂ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ರೆ ಹಳದಿ, ಎರಡನೆಯವರು ಪರಿಶೀಲಿಸಿದ್ರೆ ಹಸಿರು. ತಿದ್ದಿದವರೇ ಹಸಿರು ಮಾಡೋಕೆ ಆಗಲ್ಲ. ಅದಕ್ಕೇ ಇದು ಗುಂಪಿಗೆ ಒಗ್ಗೋ ಕೆಲಸ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬಳ ಹಳದಿಯನ್ನ ಇನ್ನೊಬ್ಬಳು ಹಸಿರು ಮಾಡಲಿ. ರಾಯರು ಹೇಳಿದ 48 ಗಂಟೆ ಇಲ್ಲಿ ನಮ್ಮ ಕೈಯಲ್ಲೇ ಇರುತ್ತೆ, ಹೊರಗಿನ ನಿರ್ವಾಹಕರನ್ನ ಕಾಯಬೇಕಾಗಿಲ್ಲ.

ತಪ್ಪು ಎಲ್ಲಿರುತ್ತೆ ಅಂದ್ರೆ, ಥ ಮತ್ತು ಧ ಅದಲು ಬದಲು, ಒತ್ತಕ್ಷರ ಕಿತ್ತುಹೋಗಿರೋದು, ಎಲ್ಲಕ್ಕಿಂತ ಜಾಸ್ತಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ನೋಡೋಕೆ ಎರಡೂ ದುಂಡಗೇ ಇರುತ್ತೆ, ಹುಡುಕಿದ್ರೆ ಪದ ಸಿಗಲ್ಲ. ಫೋನ್ ಅಡ್ಡ ಹಿಡಿದ್ರೆ ಮಾತ್ರ ಚಿತ್ರ ಮತ್ತು ಪಠ್ಯ ಸರಿಯಾಗಿ ಕಾಣುತ್ತೆ.

ಚಾಮರಾಜಪುರಂ_ಚೆಕ್‌ಸಮ್
ವಿಶ್ವಕೋಶ ಸರಿ. ಹೆಣ್ಮಕ್ಕಳ ಗುಂಪು ಅಂದ್ಮೇಲೆ ತ್ರಿವೇಣಿಯವರ ಕಾದಂಬರಿಗಳನ್ನೇ ಯಾಕೆ ಹಾಕಬಾರದು? ತೀರಿಕೊಂಡಿದ್ದು 1963. ನಮ್ಮ ಕಾಯ್ದೆ ಪ್ರಕಾರ 60 ವರ್ಷ, 2024ರ ಜನವರಿ 1ಕ್ಕೆ ಹಕ್ಕುಸ್ವಾಮ್ಯ ಮುಗಿದಿದೆ. ಮೈಸೂರಿನವರೇ ಬೇರೆ.

ವಿಕಿಸೋರ್ಸ್_ವನಜ
ಇಂಡಿಯಾದಲ್ಲಿ ಮುಗಿದಿದೆ, ಆದ್ರೆ ಸರ್ವರ್ ಇರೋದು ಅಮೆರಿಕದಲ್ಲಿ. 1996ರ ಜನವರಿ 1ಕ್ಕೆ ಇಲ್ಲಿ ಹಕ್ಕು ಜೀವಂತ ಇದ್ದ ಕೃತಿಗಳಿಗೆ ಅಲ್ಲಿ ಅಚ್ಚಾದ ವರ್ಷದಿಂದ 95 ವರ್ಷ ಲೆಕ್ಕ. ಐವತ್ತರ ದಶಕದ ಪುಸ್ತಕ ಅಂದ್ರೆ ಅಲ್ಲಿ ಇನ್ನೂ ಕಾಲು ಶತಮಾನ ಬಾಕಿ. ಕಾಮನ್ಸ್‌ಗೆ ಎರಡೂ ದೇಶದಲ್ಲಿ ಬಿಡುಗಡೆ ಆಗಿರಬೇಕು. ಹಾಕಿದ್ರೆ ಅಳಿಸ್ತಾರೆ.

ಇದಕ್ಕೆ ತದ್ವಿರುದ್ಧ ನಂಜನಗೂಡು ತಿರುಮಲಾಂಬ ಅವರದ್ದು. ನೂರು ವರ್ಷದ ಹಿಂದೆಯೇ ಬರೆದು, ತಾವೇ ಪ್ರಕಟಿಸಿದವರು. ಆ ಕಾಲದ ಪುಸ್ತಕ ಅಮೆರಿಕದಲ್ಲಿ ಬಿಡುಗಡೆ ಆಗಿದೆ. ಆದ್ರೆ ಅವರು ಬದುಕಿದ್ದು 1982ರವರೆಗೆ. ಇಲ್ಲಿ 2042ರ ಕೊನೆ ತನಕ ಕಾಯಬೇಕು.

ಎರಡಕ್ಕೂ ದಾರಿ ಒಂದೇ. ವಾರಸುದಾರರು ಒಪ್ಪಿ ಪರವಾನಗಿ ಕೊಡೋದು. ಅನುಮತಿ ಪತ್ರ ಪರಿಶೀಲಿಸೋ ವಿಕಿಮೀಡಿಯಾದ ವಿಆರ್‌ಟಿ ತಂಡಕ್ಕೆ ಹಕ್ಕುದಾರರ ಇಮೇಲ್‌ನಿಂದಲೇ ಪತ್ರ ಹೋಗಬೇಕು, ಯಾವ ಕೃತಿ, ಯಾವ ಪರವಾನಗಿ ಅಂತ ಸ್ಪಷ್ಟವಾಗಿ. ‘ವಿಕಿಪೀಡಿಯಾದಲ್ಲಿ ಬಳಸಿಕೊಳ್ಳಿ’ ಅಂತ ಬರೆದ್ರೆ ತಿರಸ್ಕಾರ ಆಗುತ್ತೆ, ಯಾರು ಬೇಕಾದ್ರೂ ವಾಣಿಜ್ಯಕ್ಕೂ ಬಳಸಬಹುದು ಅಂತಿರಬೇಕು. ನಿರಂಜನರ ಪುಸ್ತಕಗಳು ಹೀಗೆ ಕುಟುಂಬದವರಿಂದಲೇ ಮುಕ್ತವಾದವು.

ನಾಲೆನೀರು
ಲೇಖನ ಬರೆಸೋ ಯೋಚನೆ ಇದೆಯಾ? ಮಹಿಳೆಯರ ಬಗ್ಗೆ ಲೇಖನ ಅಂದ್ರೆ ಮೂಲ ಸಿಗಲ್ಲ ಅಂತ ಬೀಳೋದೇ ಜಾಸ್ತಿ. 2018ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್‌ಗೆ ಭೌತಶಾಸ್ತ್ರದ ನೊಬೆಲ್ ಬಂತಲ್ಲ, ಅದೇ ವರ್ಷ ಮೇನಲ್ಲಿ ಅವರ ಬಗ್ಗೆ ಬರೆದ ಕರಡನ್ನ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಮೂಲ ಸಾಲದು ಅಂತ ವಾಪಸ್ ಕಳಿಸಿದ್ದರು.

ವಿಕಿಸೋರ್ಸ್_ವನಜ
ಮೂಲ ಅಂದ್ರೆ ಲಿಂಕೇ ಆಗಬೇಕು ಅಂತೇನಿಲ್ಲ. ಹಳೇ ಪತ್ರಿಕೆ, ಅಭಿನಂದನ ಗ್ರಂಥ, ವಿಶ್ವಕೋಶದ ನಮೂದು ಎಲ್ಲಾ ನಡೆಯುತ್ತೆ. ಹೆಸರು, ದಿನಾಂಕ, ಪುಟ ಸಂಖ್ಯೆ ಬರೆದರಾಯ್ತು. ಒಬ್ಬರ ಬಗ್ಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಮೂಲ ಕೈಲಿಲ್ಲದೆ ಬರೆಯೋಕೆ ಕೂರಿಸಬೇಡಿ. ಮೊದಲು ಪ್ರಯೋಗಪುಟ, ಆಮೇಲೆ ಮುಖ್ಯ ಪುಟ. ಇಂಗ್ಲಿಷ್ ಲೇಖನವನ್ನ ಅನುವಾದ ಸಲಕರಣೆಗೆ ಹಾಕಿ ಯಂತ್ರ ಕೊಟ್ಟಿದ್ದನ್ನ ಹಾಗೇ ಒತ್ತಿದ್ರೆ ಅಳಿಸ್ತಾರೆ. ಅಳಿಸಿಸಿಕೊಂಡವಳು ತಿರುಗಿ ಬರಲ್ಲ.

ಒತ್ತಕ್ಷರ_ಒಡತಿ
ಕನ್ನಡ ಎಂಎದವರಿಗೆ ಅನುವಾದ ಕೊಡಿ. ಮೀಡಿಯಾವಿಕಿ (ವಿಕಿಪೀಡಿಯಾ ನಡೆಸೋ ತಂತ್ರಾಂಶ) ಸಂದೇಶಗಳಿಗೆ ಟ್ರಾನ್ಸ್‌ಲೇಟ್‌ವಿಕಿ, ಫೈರ್‌ಫಾಕ್ಸ್‌ಗೆ ಪಾಂಟೂನ್, ಲಿಬ್ರೆಆಫೀಸ್‌ಗೆ ವೆಬ್ಲೇಟ್. ಎಲ್ಲಾ ಬ್ರೌಸರ್‌ನಲ್ಲೇ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮೊದಲ ದಿನ 15 ಸಂದೇಶ, ಅದಕ್ಕಿಂತ ಹೆಚ್ಚು ಬೇಡ.

ಕೆಡೋದು ಎರಡು ಕಡೆ. ಒಂದು, ಸಂದೇಶದ ಒಳಗಿರೋ ಡಾಲರ್-ಒಂದು ($1), ಶೇಕಡಾ-ಎಸ್ (%s) ಥರದ ಗುರುತುಗಳು, ಆ ಜಾಗದಲ್ಲಿ ಆಮೇಲೆ ಹೆಸರೋ ಸಂಖ್ಯೆಯೋ ತುಂಬುತ್ತೆ. ಅವನ್ನ ಅಳಿಸಬಾರದು, ಕನ್ನಡ ಅಂಕಿ ಮಾಡಬಾರದು. ಆದ್ರೆ ಜಾಗ ಬದಲಾಯಿಸಬಹುದು, ಬದಲಾಯಿಸಲೇಬೇಕು, ಇಂಗ್ಲಿಷ್‌ನ ಜಾಗದಲ್ಲೇ ಬಿಟ್ರೆ ವಾಕ್ಯ ಕೂಡಲ್ಲ. ಒಂದೇ ಸಾಲಿನಲ್ಲಿ ಎರಡು ಶೇಕಡಾ-ಎಸ್ ಇದ್ದಾಗ ಮಾತ್ರ ಸುಮ್ಮನೆ ಅದಲು ಬದಲು ಮಾಡಬೇಡಿ, ಅದು ಬಂದ ಕ್ರಮದಲ್ಲೇ ಬೆಲೆ ತುಂಬುತ್ತೆ. ಎರಡು, ‘ಸಾಫ್ಟ್‌ವೇರ್’ ‘ಹಾರ್ಡ್‌ಡಿಸ್ಕ್’ ಥರದ ಪದ. ನಡುವೆ ಕಾಣದ ಒಂದು ಅಕ್ಷರ, ಜೀರೊ ವಿಡ್ತ್ ನಾನ್ ಜಾಯಿನರ್, ಹಾಕದಿದ್ರೆ ವ ಒತ್ತಕ್ಷರವಾಗಿ ಕೆಳಗೆ ಬಿದ್ದು ‘ಸಾಫ್ಟ್ವೇರ್’ ಆಗುತ್ತೆ. ಫೋನ್‌ನ ಕೆಲವು ಕೀಲಿಮಣೆಗಳಲ್ಲಿ ಆ ಅಕ್ಷರವೇ ಇಲ್ಲ. ಗುಂಪಿನ ಎಲ್ಲರ ಫೋನ್‌ನಲ್ಲೂ ಈ ಒಂದು ಪದ ಟೈಪ್ ಮಾಡ್ಸಿ ನೋಡಿ, ಯಾರ ಕೀಲಿಮಣೆ ಬದಲಾಗಬೇಕು ಅಂತ ಐದು ನಿಮಿಷಕ್ಕೆ ಗೊತ್ತಾಗುತ್ತೆ.

ಪಾಂಟೂನ್‌ನಲ್ಲಿ ಹೊಸಬರದ್ದು ‘ಸಲಹೆ’ ಆಗಿ ಮಾತ್ರ ಹೋಗುತ್ತೆ. ಹಕ್ಕಿರೋರು ಒಪ್ಪೋ ತನಕ ಫೈರ್‌ಫಾಕ್ಸ್‌ನಲ್ಲಿ ಬರಲ್ಲ. ಶುರು ಮಾಡೋಕೆ ಮುಂಚೆ ಕನ್ನಡ ತಂಡದ ಪುಟ ತೆಗೆದು, ಇತ್ತೀಚೆಗೆ ಯಾರಾದ್ರೂ ಒಪ್ಪಿಗೆ ಕೊಟ್ಟಿದ್ದಾರಾ ನೋಡಿ. ಇಲ್ಲಾಂದ್ರೆ ಇನ್ನೂರು ಸಲಹೆ ಹಾಗೇ ಕೊಳೀತವೆ.

ಪ್ಯಾಚ್_ಪುಟ್ಟಿ
ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೇ ಫೈಲ್ ಅಂಟಿಸಬಹುದಾ?

ಒತ್ತಕ್ಷರ_ಒಡತಿ
ಹಳೇ ಆಸ್ಕಿ ಫಾಂಟ್ ಆದ್ರೆ ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ. ಆಮೇಲೆ ಅರ್ಕಾವತ್ತು ಇರೋ ಪದಗಳನ್ನ ಮಾತ್ರ ಒಂದು ಸಲ ಕಣ್ಣಲ್ಲಿ ನೋಡಿ.

ಟರ್ಮಿನಲ್_ತಿಮ್ಮ
ಕನ್ನಡ, ಅನುವಾದ, ಪ್ರೂಫು... ಹೆಣ್ಮಕ್ಕಳಿಗೆ ಕೋಡ್ ಬರಲ್ಲ ಅಂತ ನೀವೇ ತೀರ್ಮಾನ ಮಾಡಿದ ಹಾಗಿದೆಯಲ್ಲ ಈಗ?

ರಿವ್ಯೂ_ರಾಯರು
ಈ ಪ್ರಶ್ನೆ ಸರಿಯಾಗಿದೆ ಗುರು. ಅನುವಾದಕ್ಕೇ ನಿಲ್ಲಿಸಿದ್ರೆ ಮರ್ಜ್ ಮಾಡೋ ಹಕ್ಕು ಯಾವತ್ತೂ ಅವರ ಕೈಗೆ ಬರಲ್ಲ. ಎರಡನೇ ತಿಂಗಳಿಂದ ಇಂಜಿನಿಯರಿಂಗ್‌ನವರಿಗೆ ಕೋಡ್ ಕಡ್ಡಾಯ ಇರಲಿ, ಬಗ್ ಮರುಸೃಷ್ಟಿಸಿ ವರದಿ ಮಾಡೋದರಿಂದ ಶುರು.

ಬೋಗಾದಿ_ಬೈಟ್
ಕೋಡ್ ಮಾಡೋರಿಗೆ ಲ್ಯಾಬ್ ತೊಂದರೆಗಳು, ಒಂದೊಂದೇ ಹೇಳ್ತೀನಿ. ಕಾಲೇಜ್ ನೆಟ್‌ವರ್ಕ್‌ನಲ್ಲಿ ಪೋರ್ಟ್ 22 (ಎಸ್‌ಎಸ್‌ಎಚ್ ಸಂಪರ್ಕ ಹೋಗೋ ದಾರಿ) ಮುಚ್ಚಿರ್ತಾರೆ, ಎಸ್‌ಎಸ್‌ಎಚ್‌ನಲ್ಲಿ ಕ್ಲೋನ್ ಮಾಡಿದ್ರೆ (ರೆಪೊಸಿಟರಿಯ ಪ್ರತಿ ಇಳಿಸಿದ್ರೆ) ಸುಮ್ಮನೆ ನಿಂತುಬಿಡುತ್ತೆ, ದೋಷವೂ ಬರಲ್ಲ. ಗಿಟ್‌ಹಬ್ ಪೋರ್ಟ್ 443ರಲ್ಲೂ ಎಸ್‌ಎಸ್‌ಎಚ್ ಕೊಡುತ್ತೆ, ಇಲ್ಲಾಂದ್ರೆ ಎಚ್‌ಟಿಟಿಪಿಎಸ್ ಬಳಸಿ. ಎಚ್‌ಟಿಟಿಪಿಎಸ್‌ಗೆ ಪಾಸ್‌ವರ್ಡ್ ಕೇಳಿದಾಗ ಖಾತೆಯ ಪಾಸ್‌ವರ್ಡ್ ಕೊಟ್ರೆ ಆಗಲ್ಲ, 2021ರ ಆಗಸ್ಟ್‌ನಿಂದ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಮಾಡ್ಕೊಳ್ಳೋ ಟೋಕನ್ ಬೇಕು. ಹಳೇ ಯೂಟ್ಯೂಬ್ ವಿಡಿಯೊ ನೋಡಿ ಬಂದವರು ಇಲ್ಲಿ ಸಿಕ್ಕಿಹಾಕ್ಕೊಳ್ತಾರೆ.

ಲ್ಯಾಬ್ ಗಣಕದಲ್ಲಿ ಇನ್‌ಸ್ಟಾಲ್ ಹಕ್ಕು ಇರಲ್ಲ. ಮನೆ ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮ್. ಅಂಥವರಿಗೆ ಬ್ರೌಸರ್‌ನಲ್ಲೇ ಕೋಡ್ ಬರೆಯೋ ಗಿಟ್‌ಹಬ್ ಕೋಡ್‌ಸ್ಪೇಸಸ್. ಉಚಿತ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ, ಅಂದ್ರೆ ಎರಡು ಕೋರ್ ಯಂತ್ರದಲ್ಲಿ 60 ಗಂಟೆ. ಕೆಲಸ ಮುಗಿದ ಮೇಲೆ ನಿಲ್ಲಿಸಿ, ಟ್ಯಾಬ್ ಮುಚ್ಚಿದ್ರೆ ಅದು ನಿಲ್ಲಲ್ಲ. ಸುಮ್ಮನಿದ್ದು ಅರ್ಧ ಗಂಟೆ ಆದ್ಮೇಲೆ ತಾನಾಗೇ ನಿಲ್ಲುತ್ತೆ, ಅಷ್ಟು ಹೊತ್ತು ಲೆಕ್ಕಕ್ಕೆ ಹೋಯ್ತು.

ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರೋರಿಗೆ ದೊಡ್ಡ ರೆಪೊಸಿಟರಿಯ ಪೂರ್ತಿ ಇತಿಹಾಸ ಇಳಿಸೋಕೆ ಹೇಳ್ಬೇಡಿ. ಡೆಪ್ತ್ 1 ಅಂತ ಕೊಟ್ಟು ಕೊನೇ ಕಮಿಟ್ ಮಾತ್ರ ಇಳಿಸಿ. ಫೈರ್‌ಫಾಕ್ಸ್‌ನ ಮುಂಭಾಗದ ಕೆಲಸಕ್ಕೆ ಆರ್ಟಿಫ್ಯಾಕ್ಟ್ ಬಿಲ್ಡ್ ಇದೆ, ಸಿ++ ಭಾಗ ಕಂಪೈಲ್ ಮಾಡದೆ ಸಿದ್ಧವಾಗಿರೋದನ್ನ ಇಳಿಸ್ಕೊಳ್ಳುತ್ತೆ.

ಇನ್ನೊಂದು, ಟಿ-ಶರ್ಟ್ ಆಸೆ ತೋರಿಸಿ ರೀಡ್‌ಮಿಯಲ್ಲಿ (ಪ್ರಾಜೆಕ್ಟ್ ಪರಿಚಯದ ಕಡತ) ಒಂದು ಪದ ಬದಲಾಯಿಸಿ ಕಳಿಸೋ ಕೆಲಸ ಹೇಳಿಕೊಡಬೇಡಿ. ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಶರ್ಟ್ ಕೊಡ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಅಂಥವು ಪ್ರವಾಹದ ಹಾಗೆ ಬಂದು, ಒಪ್ಪಿಗೆ ಕೊಟ್ಟ ರೆಪೊಸಿಟರಿಗಳು ಮಾತ್ರ ಲೆಕ್ಕಕ್ಕೆ ಅಂತ ನಿಯಮವನ್ನೇ ಬದಲಾಯಿಸಿದ್ರು. ಹೆಸರು ಕೆಟ್ಟಿದ್ದು ನಮ್ಮ ದೇಶದ ಹೊಸಬರದ್ದು.

ಪ್ಯಾಚ್_ಪುಟ್ಟಿ
ವಿಟಿಯು ಹುಡುಗೀರ್ಗೆ ಡಿಗ್ರಿ ಸಿಗೋಕೆ ಪಾಠದ ಹೊರಗಿನ ಚಟುವಟಿಕೆಗೆ 100 ಆಕ್ಟಿವಿಟಿ ಪಾಯಿಂಟ್ ಬೇಕು. ಅದನ್ನ ಇದಕ್ಕೆ ಜೋಡಿಸಿದ್ರೆ ಜನ ಬರ್ತಾರೆ.

ರಿವ್ಯೂ_ರಾಯರು
ಪಾಯಿಂಟಿಗೆ ಬಂದವರು ಪಾಯಿಂಟ್ ಸಿಕ್ಕ ದಿನ ಹೋಗ್ತಾರೆ. ಕೊಡೋದಿದ್ರೆ ಆರನೇ ತಿಂಗಳ ಕೊನೆಗೆ, ಮರ್ಜ್ ಆದ ಕೆಲಸಕ್ಕೆ.

ಓಟಿಪಿ_ಓಬವ್ವ
ಕಿರಿಕಿರಿ ಆದಾಗ ಯಾರಿಗೆ ಹೇಳಬೇಕು ಅನ್ನೋದು ಬರೆದು ಅಂಟಿಸಿ. ‘ಎಲ್ಲರೂ ಗೌರವದಿಂದ ವರ್ತಿಸಿ’ ಅನ್ನೋ ಒಂದು ಸಾಲು ಯಾತಕ್ಕೂ ಬರಲ್ಲ. ಕಂಟ್ರಿಬ್ಯೂಟರ್ ಕವೆನೆಂಟ್ ಅನ್ನೋ ಸಿದ್ಧ ನಡತೆ ನಿಯಮಾವಳಿ 2014ರಿಂದ ಇದೆ, ಲಿನಕ್ಸ್ ಕರ್ನೆಲ್‌ನವರೇ 2018ರಲ್ಲಿ ತಗೊಂಡ್ರು. ಅದರಲ್ಲಿ ದೂರು ಕೊಡೋ ವಿಳಾಸದ ಜಾಗ ಖಾಲಿ ಬಿಟ್ಟಿರ್ತಾರೆ, ಅರ್ಧ ಪ್ರಾಜೆಕ್ಟ್‌ಗಳು ತುಂಬೋದೇ ಇಲ್ಲ. ಇಬ್ಬರ ಹೆಸರು ಹಾಕಿ, ಒಬ್ಬರಾದ್ರೂ ಹೆಂಗಸು, ಇಬ್ಬರೂ ಒಂದೇ ಮನೆಯವರೋ ಒಂದೇ ಆಫೀಸಿನವರೋ ಆಗಿರಬಾರದು. ದೂರು ಸಂಘಟಕರ ಮೇಲೇ ಇದ್ರೆ?

ಕಾರ್ಯಕ್ರಮ ಕಾಲೇಜಿನಲ್ಲಾದ್ರೆ ಅಲ್ಲಿನ ಆಂತರಿಕ ಸಮಿತಿ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯಲ್ಲಿ ಉದ್ಯೋಗಿ ಅನ್ನೋದರಲ್ಲಿ ಸ್ವಯಂಸೇವೆ ಮಾಡೋರೂ ಸೇರ್ತಾರೆ. ಹತ್ತು ಜನಕ್ಕಿಂತ ಕಮ್ಮಿ ಇರೋ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆ ಆಗಿ ಮೂರು ತಿಂಗಳ ಒಳಗೆ ಬರಹದಲ್ಲಿ.

ವಾಟ್ಸಾಪ್ ಗುಂಪು ಮಾಡಿದ್ರೆ ಎಲ್ಲರ ನಂಬರ್ ಎಲ್ಲರಿಗೂ ಹೋಗುತ್ತೆ. ಮ್ಯಾಟ್ರಿಕ್ಸ್ (ಫೋನ್ ನಂಬರ್ ಬೇಡದ ಚಾಟ್) ಇಲ್ಲವೇ ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಟ್ಟು ಮಾಡಿ. ಫೋಟೊ ಬೇಡ ಅನ್ನೋರಿಗೆ ಬ್ಯಾಡ್ಜ್‌ಗೆ ಕೆಂಪು ದಾರ, ಕ್ಯಾಮೆರಾ ಹಿಡಿದೋರಿಗೆ ದೂರದಿಂದಲೇ ಕಾಣಬೇಕು.

ಸರಸ್ವತಿಪುರಂ_ಸರ್ವರ್
ದುಡ್ಡು ಸಿಗೋ ದಾರಿ ಯಾರೂ ಹೇಳ್ಲಿಲ್ಲ. ಔಟ್‌ರೀಚಿ ಇದೆಯಲ್ಲ?

ಬೋಗಾದಿ_ಬೈಟ್
ಇದೆ. ಶುರುವಾಗಿದ್ದೇ ಈ ಪ್ರಶ್ನೆಯಿಂದ. 2006ರಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಮಾಡೋ ಗ್ನೋಮ್‌ಗೆ, ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಕೋಡ್ ಬರೆಸ್ತಿದ್ದ ಗೂಗಲ್ ಸಮ್ಮರ್ ಆಫ್ ಕೋಡ್‌ಗಾಗಿ 181 ಅರ್ಜಿ ಬಂತು, ಒಂದೂ ಹೆಣ್ಣಿನದ್ದಲ್ಲ. ಆಗ ಹೆಂಗಸರಿಗೇ ಅಂತ ಬೇರೆ ಮಾಡಿದ್ರು, ಜನ ಬಂದ್ರು. ಈಗ ಮನೆಯಿಂದಲೇ ಮಾಡೋ ಮೂರು ತಿಂಗಳ ಇಂಟರ್ನ್‌ಶಿಪ್, ಒಟ್ಟು 7,000 ಡಾಲರ್, ವಾರಕ್ಕೆ 30 ಗಂಟೆ. ಕೆಲಸ ಬಿಟ್ಟು ಮನೇಲಿರೋರೂ ಹಾಕಬಹುದು, ವಿದ್ಯಾರ್ಥಿಯೇ ಆಗಿರಬೇಕಿಲ್ಲ.

ವರ್ಷಕ್ಕೆ ಎರಡು ಸುತ್ತು, ಮೇ ಮತ್ತು ಡಿಸೆಂಬರ್. ಕಾಲೇಜ್ ಹುಡುಗೀರ್ಗೆ ಡಿಸೆಂಬರ್ ಸುತ್ತು ನಮ್ಮ ಸೆಮಿಸ್ಟರ್‌ಗೆ ಕೂಡಲ್ಲ, ಮೇ ನೋಡ್ಕೊಳ್ಳಿ. ಮೊದಲ ಹಂತದಲ್ಲಿ ಪ್ರಬಂಧ ಇರುತ್ತೆ: ನೀವಿರೋ ಕಡೆ ನಿಮಗೆ ಏನು ಅಡ್ಡಿ ಬಂತು, ನಿಮ್ಮಂಥವರು ಯಾಕೆ ಕಮ್ಮಿ ಅಂತ. ‘ನನಗೆ ತಂತ್ರಜ್ಞಾನ ಅಂದ್ರೆ ಇಷ್ಟ’ ಅಂತ ಬರೆದವರು ಅಲ್ಲೇ ಉದುರ್ತಾರೆ. ಲ್ಯಾಬ್‌ನಲ್ಲಿ ಹುಡುಗರು ಕೀಬೋರ್ಡ್ ಹಿಡಿದು ಹುಡುಗೀರು ರೆಕಾರ್ಡ್ ಬರೆಯೋದು, ಹಾಸ್ಟೆಲ್ ಗೇಟ್ ಮುಚ್ಚೋ ಹೊತ್ತಿಗೆ ಹ್ಯಾಕಥಾನ್ ಶುರುವಾಗೋದು, ಇಂಥದ್ದು ಇದ್ದಿದ್ದೇ ಆದ್ರೆ ಅದನ್ನೇ ನೇರ ಬರೀಬೇಕು. ಆಮೇಲೆ ಒಂದು ತಿಂಗಳು ಪ್ರಾಜೆಕ್ಟ್‌ಗೆ ಕೆಲಸ ಮಾಡಿ ತೋರಿಸಬೇಕು. ಮೇ ಸುತ್ತಿಗೆ ಅದು ಮಾರ್ಚ್–ಏಪ್ರಿಲ್‌ನಲ್ಲಿ ಬರುತ್ತೆ.

ಸಕ್ಕರೆನಾಡು_ಸೀತಕ್ಕ
ಆ 15,000 ಎಂಗೆ ಹಂಚ್ತೀರಾ ಮೊದ್ಲು ಹೇಳಿ. ನನ್ ಲೆಕ್ಕ: ತಿಂಗಳಿಗೊಂದು ಸಭೆ. ತಿಂಡಿ ಕಾಫಿ ತಲೆಗೆ 60 ಅಂದ್ರೆ 1,200, ಆರು ತಿಂಗ್ಳಿಗೆ 7,200. ಮಕ್ಳ ನೋಡ್ಕಳಾಕೆ ಒಬ್ರು, ಸಲಕ್ಕೆ 600, ಒಟ್ಟು 3,600. ಉಳಿಯೋದು 4,200, ಅದು ಡೇಟಾ ರೀಚಾರ್ಜ್ ಬೇಕಾದೋರ್ಗೆ. ಬ್ಯಾನರ್ ಬ್ಯಾಡ, ಹಾರ ತುರಾಯಿ ಬ್ಯಾಡ. ಜಾಗ ನೋಡಕ್ಕೋದಾಗ ಟಾಯ್ಲೆಟ್ ಚಿಲಕ ಹಾಕಿ ನೋಡ್ಬುಟ್ಟು ಬನ್ನಿ, ಒಳಗೆ ಡಸ್ಟ್‌ಬಿನ್ ಐತಾ ನೋಡಿ. ಗಂಡಸ್ರು ಯಾರೂ ನೋಡಾಕಿಲ್ಲ ಅದ್ನ.

ಕುಕ್ಕರಹಳ್ಳಿ_ಗಾಳಿ
ಸೀತಕ್ಕ, ನಿಮ್ಮ ಲೆಕ್ಕ ಹಾಗೇ ತಗೊಂಡಿದ್ದೀನಿ. ಎರಡು ತಂಡ: ಮನೇಲಿರೋರಿಗೆ ಬುಧವಾರ ಹನ್ನೊಂದರಿಂದ, ಕಾಲೇಜಿನವರಿಗೆ ಶನಿವಾರ ಮಧ್ಯಾಹ್ನ. ಒಂದೊಂದು ತಂಡಕ್ಕೂ ತಿಂಗಳಿಗೊಂದೇ ಸಲ, ಹತ್ತತ್ತು ಜನ, ಹಾಗಾಗಿ ತಿಂಡಿ ಲೆಕ್ಕ ಬದಲಾಗಲ್ಲ. ಮಕ್ಕಳನ್ನ ನೋಡ್ಕೊಳ್ಳೋರು ಬುಧವಾರ ಮಾತ್ರ. ಮೊದಲ ತಿಂಗಳು ಎಲ್ಲರಿಗೂ ವಿಕಿಸೋರ್ಸ್ ಜೋಡಿ ಕೆಲಸ, ಎರಡನೇ ತಿಂಗಳಿಂದ ಅನುವಾದ ಮತ್ತೆ ಕೋಡ್ ಬೇರೆ ಬೇರೆ. ಕೋಡ್ ಕಡೆ 48 ಗಂಟೆ ಒಳಗೆ ರಿವ್ಯೂ ನೋಡೋಕೆ ಜನ ಬೇಕು. ಯಾರು ಬರ್ತೀರಿ?

ಟರ್ಮಿನಲ್_ತಿಮ್ಮ
ಪೈಥಾನ್ ಆದ್ರೆ ಮಂಗಳವಾರ, ಶುಕ್ರವಾರ ರಾತ್ರಿ ಎಂಟರ ಮೇಲೆ ನೋಡ್ತೀನಿ. ಜಾವಾಸ್ಕ್ರಿಪ್ಟ್‌ಗೆ ಬೇರೆಯವರನ್ನ ಹುಡುಕಿ.

ರಿವ್ಯೂ_ರಾಯರು
ಮಂಗಳವಾರ ರಾತ್ರಿ ನೋಡಿ ಮತ್ತೆ ಶುಕ್ರವಾರ ಅಂದ್ರೆ 72 ಗಂಟೆ ಆಯ್ತಲ್ಲ ಗುರು. ಶುಕ್ರವಾರದಿಂದ ಮಂಗಳವಾರಕ್ಕೆ 96. ಗುರುವಾರ, ಭಾನುವಾರ ನಾನು ಹಿಡ್ಕೋತೀನಿ.

ಪ್ಯಾಚ್_ಪುಟ್ಟಿ
ಜಾವಾಸ್ಕ್ರಿಪ್ಟ್ ನಾನು. ಆದ್ರೆ ಇಂಟರ್ನಲ್ಸ್ ವಾರ ಸಿಗಲ್ಲ, ದಿನಾಂಕ ಬಂದ ತಕ್ಷಣ ಇಲ್ಲೇ ಹಾಕ್ತೀನಿ.